ವೈಸಿನ ಹಲ್ಲಿನ ಗುರುತು

ಕುಲುಮೆ ಮನೆಯಿಂದ,
ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ.

ಮೊದಲು ಈ ಕಾಗದ ಬಿಚ್ಚಿದವರಿಗೆ ಎರಡು ಮಾತು. ನೀವು ನನ್ನ ಮೊಮ್ಮಗಳಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮಡಿಸಿ, ಮತ್ತೆ ಲಕೋಟೆಗೆ ತುರುಕಿ ಅವಳ ದಿಂಬಿನ ಮೇಲೆ ಇಡಿ. ಹೋದ ಸಲ ನಾನು ಬರೆದ ಕಾಗದ ಅವಳ ಕೈ ಸೇರುವಾಗ ಅದರ ಮೇಲೆ ಟೀ ಲೋಟದ ಉಂಗುರ ಮೂಡಿತ್ತಂತೆ. ಅವಳು ಟೀ ಕುಡಿಯುವುದಿಲ್ಲ. ಬಾಡಿಗೆ ಮನೆಯ ಯಜಮಾನಿಯವರೇ, ಇನ್ನೊಬ್ಬರ ಕಾಗದ ಓದಲೇಬೇಕೆಂಬ ಚಪಲವಿದ್ದರೆ ಕೈ ಒರೆಸಿಕೊಂಡಾದರೂ ಓದಿ. ಈ ಕಾಗದದಲ್ಲಿ ಕದ್ದು ಕೆಲಸ ಕೆಡಿಸಿದ ಒಬ್ಬ ಮನುಷ್ಯನ ಕಥೆಯಿದೆ. ನಿಮಗೂ ಚುಚ್ಚಿದರೆ ನಾನು ಜವಾಬ್ದಾರಳಲ್ಲ.

ಪ್ರೀತಿಯ ಚಿನಕುರುಳಿ, ಈಗ ನಿನ್ನ ಸರದಿ. ಬರೆದರೆ ನಿನ್ನದು ಎರಡು ಸಾಲಿನ ಕಾಗದ. ಒಂದು, ಚೆನ್ನಾಗಿದ್ದೇನೆ. ಇನ್ನೊಂದು, ಇಲ್ಲಿ ಮೋಡ. ಮೋಡದ ಯೋಗಕ್ಷೇಮ ನಾನು ಕೇಳಿದ್ದೆನೇನೇ? ಮೈ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ನಿಂತಲ್ಲೇ ಏನಾದರೂ ಬಾಯಿಗೆ ಹಾಕಿಕೊಂಡು ಮಲಗುತ್ತೀಯೋ? ಬಲ ಮಣಿಕಟ್ಟಿನ ಮೇಲೆ ಕಿಡಿ ಹಾರಿ ಆದ ಕಲೆ ಮಾಸಿತೇ? ಮಾಸದಿರಲಿ ಎಂದೇ ನನ್ನ ಆಸೆ. ಪಾತ್ರೆ ಅಂಗಡಿಯಲ್ಲಿ ನಿಂತು ಚಮಚ ಮಾರುತ್ತೀಯಂತೆ, ಇರಲಿ, ಚಮಚವೂ ಲೋಹವೇ. ಆದರೆ ಇನ್ನು ಸುತ್ತಿಗೆ ಮುಟ್ಟುವುದಿಲ್ಲ ಎಂದು ಆಣೆಯಿಟ್ಟುಕೊಂಡು ಹೋದೆಯಲ್ಲ, ಆ ಆಣೆ ಗಟ್ಟಿಯೋ, ನಿನ್ನ ಚಮಚದ ಹಾಗೆ ಬಗ್ಗುತ್ತದೆಯೋ ನೋಡೋಣ.

ನಾನು ಚೆನ್ನಾಗಿದ್ದೇನೆ. ಮಂಡಿ ಕಟಕಟ ಅನ್ನುತ್ತದೆ, ಅದು ಹಳೆಯ ಸುದ್ದಿ. ಹೊಸದೆಂದರೆ ಬಲ ರಟ್ಟೆ ಊದಿದೆ, ಎಡ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿದೆ, ಒಂದು ಹುಬ್ಬು ಅರ್ಧ ಸುಟ್ಟಿದೆ. ಗಾಬರಿಯಾಗಬೇಡ. ನಿನ್ನ ಅಜ್ಜಿ ಕತ್ತಿ ಮಾಡಿದ್ದಾಳೆ. ತರಕಾರಿ ಹೆಚ್ಚುವುದಲ್ಲ, ಸೊಂಟಕ್ಕೆ ಕಟ್ಟುವ ಉದ್ದ ಕತ್ತಿ. ನನ್ನ ಮೊದಲನೆಯದು. ಏಕೆ ಮಾಡಿದೆ ಎಂದರೆ, ಸೇಡಿಗೆ. ಬೇರೆ ದೊಡ್ಡ ಕಾರಣ ಹೇಳಿ ನಿನ್ನ ಮುಂದೆ ಒಳ್ಳೆಯವಳಾಗುವ ವಯಸ್ಸು ನನ್ನದಲ್ಲ.

ನೀನು ಹೋದ ಮೇಲೆ ಇಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ನಿನ್ನ ಕತ್ತಿ ಪರೀಕ್ಷೆಯಲ್ಲಿ ಎರಡು ತುಂಡಾಯಿತಲ್ಲ, ಆ ತುಂಡುಗಳನ್ನು ನಿನ್ನ ಚಿಕ್ಕಜ್ಜ ತಂತಿಯಲ್ಲಿ ಪೋಣಿಸಿ ಕುಲುಮೆಯ ಬಾಗಿಲ ಮೇಲೆ ನೇತುಹಾಕಿದ. ಮುರಿದ ಮೊದಲ ಕತ್ತಿಯನ್ನು ನೇತುಹಾಕುವುದು ಈ ಮನೆಯ ಪದ್ಧತಿಯೇ, ಒಪ್ಪುತ್ತೇನೆ. ಆದರೆ ನಿನ್ನ ಅಜ್ಜ ಇದ್ದಾಗ ಅವು ಒಳಗಿನ ಗೋಡೆಯಲ್ಲಿರುತ್ತಿದ್ದವು, ಕಲಿಯುವವರ ಕಣ್ಣಿಗೆ ಮಾತ್ರ ಬೀಳುವ ಹಾಗೆ. ಇವನು ಬೀದಿಗೆ ಕಾಣುವ ಹಾಗೆ ಕಟ್ಟಿದ. ಗೇಟು ಮಾಡಿಸಲು ಬಂದವರು, ಚಾಕು ಸಾಣೆಗೆ ತಂದವರು, ನಾಟಕದ ಕಂಪನಿಯವರು, ಯಾರು ಬಂದು ತಲೆ ಎತ್ತಿದರೂ ಇವನದು ಒಂದೇ ಹಾಡು. ನಮ್ಮಣ್ಣನ ಮೊಮ್ಮಗಳ ಕೈಚಳಕ ನೋಡಿ, ಹೆಣ್ಣುಮಕ್ಕಳಿಗೆ ಬೆಂಕಿಯ ಹದ ಎಲ್ಲಿ ಗೊತ್ತಾಗುತ್ತೆ ಅಂತ. ಹೇಳುವಾಗ ಅಜ್ಜನ ಸುತ್ತಿಗೆಯನ್ನು ಅಂಗೈಯಲ್ಲಿ ತೂಗುತ್ತಿದ್ದ. ಯಾರ ಮೊದಲ ಕತ್ತಿ ಬಾಗಿ ಮತ್ತೆ ನೆಟ್ಟಗಾಗುತ್ತದೋ ಅವರಿಗೆ ನನ್ನ ಸುತ್ತಿಗೆ ಎಂದು ಅಜ್ಜ ಸಾಯುವ ಮೊದಲು ಹೇಳಿದ್ದು ನಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು. ನಿನ್ನದು ಮುರಿಯಿತು, ಸುತ್ತಿಗೆ ಇವನ ಕೈಗೆ ಹೋಯಿತು.

ನಾನು ದಿನಾ ಬೆಳಿಗ್ಗೆ ಆ ತುಂಡುಗಳ ಕೆಳಗೇ ಕಸ ಗುಡಿಸುತ್ತಿದ್ದೆ. ತಲೆಗೆ ತಾಗುತ್ತಿದ್ದವು. ಒಂದು ದಿನ ತುಕ್ಕು ಹಿಡಿಯುತ್ತಿರುವುದು ಕಂಡಿತು. ಅವಮಾನವಾದರೂ ನನ್ನ ಮೊಮ್ಮಗಳ ಅವಮಾನ, ತುಕ್ಕು ಏಕೆ ಹಿಡಿಯಬೇಕು ಎಂದು ಸ್ಟೂಲು ಹತ್ತಿ ತಂತಿ ಬಿಚ್ಚಿ ಇಳಿಸಿಕೊಂಡು ಎಣ್ಣೆ ಬಟ್ಟೆಯಿಂದ ಒರೆಸತೊಡಗಿದೆ. ಮುರಿದ ಬಾಯಿ ಬೆಳಕಿಗೆ ಬಂತು. ಬೆಂಕಿ ಮೀರಿದ ಉಕ್ಕು ಮುರಿದರೆ ಒಳಗೆ ಸಕ್ಕರೆ ಹರಳಿನ ಹಾಗೆ ಮಿಣಮಿಣ ಅನ್ನುತ್ತದೆ ಎಂದು ನಿನ್ನ ಅಜ್ಜ ಎಷ್ಟು ಸಲ ತೋರಿಸಿಲ್ಲ! ನಿನ್ನದು ಹಾಗಿರಲಿಲ್ಲ. ಜರಡಿ ಹಿಡಿದ ಹಿಟ್ಟಿನ ಹಾಗೆ ನುಣ್ಣಗೆ, ಬೂದು ಬಣ್ಣ. ಒಳ್ಳೆಯ ಹದ. ಹಾಗಾದರೆ ಮುರಿದದ್ದು ಏಕೆ? ಕನ್ನಡಕ ಹಾಕಿಕೊಂಡು ಇನ್ನಷ್ಟು ಹತ್ತಿರ ಹಿಡಿದೆ. ಮುರಿದ ಅಂಚಿಗೆ ಅಂಟಿಕೊಂಡೇ, ಎರಡೂ ಮಗ್ಗುಲಲ್ಲಿ, ಸಾಲಾಗಿ ಸಣ್ಣ ಸಣ್ಣ ಕಚ್ಚು. ಇಲಿ ಕಚ್ಚಿದ ಹಾಗೆ. ನಮ್ಮ ಕುಲುಮೆಯಲ್ಲಿ ಅಂಥ ಹಲ್ಲಿರುವುದು ಒಂದಕ್ಕೇ, ಮೂಲೆಯ ಬೆಂಚಿಗೆ ಬಿಗಿದಿರುವ, ತಿರುಪು ತಿರುಗಿಸಿ ಕಬ್ಬಿಣ ಕಚ್ಚಿಸುವ ಆ ವೈಸಿಗೆ.

ನೆನಪು ಮಾಡಿಕೋ. ಪರೀಕ್ಷೆಗೆ ಕತ್ತಿಯನ್ನು ವೈಸಿನಲ್ಲಿ ಬಿಗಿಯುವಾಗ ಎರಡು ಕಡೆಯೂ ಮರದ ಹಲಗೆ ಇಡಬೇಕು. ಕಬ್ಬಿಣದ ಹಲ್ಲು ನೇರವಾಗಿ ಕಚ್ಚಿದರೆ ಕಚ್ಚಿದಲ್ಲೇ ಗಾಯವಾಗುತ್ತದೆ, ಜಗ್ಗಿದರೆ ಅಲ್ಲೇ ಲಟಕ್ ಅನ್ನುತ್ತದೆ. ಅಜ್ಜ ಹಲಗೆಯಿಲ್ಲದೆ ಬಿಗಿದದ್ದನ್ನು ನಾನು ಕಂಡಿಲ್ಲ. ಅವತ್ತು ಚಿಕ್ಕಜ್ಜ ಹೊಳಪು ಹೋಗಬಾರದು ಅಂತ ನಯವಾಗಿ ಹೇಳಿ ವೈಸಿಗೆ ಎಣ್ಣೆ ಬಟ್ಟೆ ಸುತ್ತಿದನಲ್ಲ, ನಾವೆಲ್ಲ ಬಟ್ಟೆಯೊಳಗೆ ಹಲಗೆ ಇದೆ ಎಂದುಕೊಂಡೆವು. ನೀನಂತೂ ನೋಡುವ ಹಾಗೇ ಇರಲಿಲ್ಲ. ಮಾಡಿದವರು ಬಾಗಿಲಿಗೆ ಮುಖ ಮಾಡಿ ನಿಂತು ಕಿವಿಯಿಂದ ಮಾತ್ರ ಕೇಳಬೇಕು, ಇದೂ ಈ ಮನೆಯ ಕಟ್ಟಳೆಯೇ. ನಿನ್ನ ಬೆನ್ನಿಗೆ ಅವನು ಮಾಡಿದ ಕೆಲಸ ಅದು. ಬಟ್ಟೆಯೊಳಗೆ ಹಲಗೆ ಇರಲಿಲ್ಲ ಮಗಾ.

ಆ ತುಂಡು ಕೈಯಲ್ಲಿ ಹಿಡಿದು ನಾನು ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ. ಹೊಟ್ಟೆಯಲ್ಲಿ ಇದ್ದಿಲು ಹೊತ್ತಿಕೊಂಡ ಹಾಗಾಯಿತು, ಯಾರೂ ತಿದಿ ಒತ್ತದೆಯೇ.

ತುಂಡುಗಳನ್ನು ಮತ್ತೆ ತಂತಿಗೇ ಸಿಕ್ಕಿಸಿ, ಸಂಜೆ ಅವನನ್ನು ನಿಲ್ಲಿಸಿ ಕೇಳಿದೆ. ಅವನ ಮುಖ ಒಂದು ಕ್ಷಣ ಹಿಂಡಿದ ಬಟ್ಟೆಯ ಹಾಗಾಯಿತು. ಆಮೇಲೆ ನಕ್ಕ. ಎಂಥ ಮಾತು ಆಡಿದ ಗೊತ್ತೇ? "ಅತ್ತಿಗೆ, ತನ್ನ ಕತ್ತಿ ನಿಂತವರು ಮಾತ್ರ ಇನ್ನೊಬ್ಬರ ಕತ್ತಿ ಬಗ್ಗೆ ಬಾಯಿ ಬಿಡಬಹುದು. ಇದು ನಮ್ಮಪ್ಪನ ಕಾಲದ ಮಾತು. ನಿಮ್ಮ ಕತ್ತಿ ಯಾವ್ದು, ಈರುಳ್ಳಿ ಹೆಚ್ಚೋದಾ?" ನಮ್ಮಲ್ಲಿ ಗೇಟಿನ ಕೆಲಸ ಮಾಡುವ ವೆಲ್ಡಿಂಗಿನವನು ಅಲ್ಲೇ ಇದ್ದ, ಅವನೂ ನಗು ತಡೆಯಲಾರದೆ ಕೆಮ್ಮಿದ. ಕಟ್ಟಳೆ ಇರುವುದು ನಿಜ, ನಾನು ಅಲ್ಲಗಳೆಯಲಾರೆ. ಮದುವೆಯಾಗಿ ಬಂದಾಗಿನಿಂದ ತಿದಿ ಒತ್ತಿದ್ದೇನೆ, ಅಜ್ಜನ ಎದುರು ನಿಂತು ದೊಡ್ಡ ಸಮ್ಮಟಿಗೆಯಿಂದ ಕಬ್ಬಿಣ ಬಡಿದಿದ್ದೇನೆ. ಆದರೆ ಇಕ್ಕಳ ಹಿಡಿದವಳಲ್ಲ, ಕತ್ತಿ ನನ್ನದು ಎಂದು ಹೇಳುವ ಹಾಗಿಲ್ಲ. ಸರಿ, ಹಾಗಾದರೆ ಮಾಡುತ್ತೇನೆ ಎಂದೆ. ಅವನು ಇನ್ನೂ ಜೋರಾಗಿ ನಕ್ಕು, ನಾನು ಮಧ್ಯಾಹ್ನ ಮಲಗಿರುವಾಗ ಮಾಡಿಕೊಳ್ಳಿ, ಇದ್ದಿಲು ದಂಡ ಮಾಡಬೇಡಿ ಎಂದ. ಅವನ ಗೊರಕೆ ಅಷ್ಟು ಹಿತವಾಗಿ ನನಗೆ ಯಾವತ್ತೂ ಕೇಳಿರಲಿಲ್ಲ.

ಉಕ್ಕು ಯಾವುದು ಗೊತ್ತೇ? ನಿನ್ನ ಕತ್ತಿಗೆ ಅಜ್ಜ ಲಾರಿಯ ಸ್ಪ್ರಿಂಗ್ ಪಟ್ಟಿ ಕಡಿದುಕೊಟ್ಟಿದ್ದರಲ್ಲ, ಅದರ ಉಳಿದರ್ಧ. ಬಚ್ಚಲ ಹಿಂದೆ ಬಿದ್ದಿತ್ತು, ಅದರ ಮೇಲೆ ನಾನು ಒದ್ದೆ ಚಪ್ಪಲಿ ಒಣಗಿಸುತ್ತಿದ್ದೆ. ಅದನ್ನೇ ಎತ್ತಿಕೊಂಡೆ. ಉಕ್ಕು ಕೆಟ್ಟದಿತ್ತು ಎಂದು ನಾಳೆ ಅವನು ಬಾಯಿ ಬಿಡಬಾರದು ನೋಡು.

ಮೊದಲ ದಿನವೇ ಎಡವಟ್ಟು. ಇಷ್ಟು ವರ್ಷ ತಿದಿ ಒತ್ತಿದ ಕೈ, ಒತ್ತುವುದೇ ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಪಟ್ಟಿಯ ತುದಿಯಿಂದ ಬಿಳಿ ಕಿಡಿ ಚಿಮ್ಮಿತು, ಎಳೆದು ನೋಡುವಷ್ಟರಲ್ಲಿ ತುದಿ ಸುಟ್ಟ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಹುಬ್ಬು ಹೋದದ್ದೂ ಆವಾಗಲೇ. ಸುಟ್ಟ ಭಾಗ ಕತ್ತರಿಸಿದೆ, ಕತ್ತಿ ಗಿಡ್ಡವಾಯಿತು. ಪರವಾಗಿಲ್ಲ, ನಾನೂ ಗಿಡ್ಡವೇ. ಆಮೇಲೆ ಕೊಯ್ಯುವ ಬಾಯಿ ತೆಳ್ಳಗೆ ಬಡಿಯಲು ಹೊರಟರೆ ಅದು ಬೆನ್ನಿನ ಕಡೆಗೆ ಬಾಗಿ ಉಲ್ಟಾ ಕುಡುಗೋಲಾಗತೊಡಗಿತು. ಎಷ್ಟು ನೇರ ಮಾಡಿದರೂ ಮತ್ತೆ ಬಾಗುತ್ತದೆ. ಕೋಪಕ್ಕೆ ಇಕ್ಕಳ ಎಸೆದುಬಿಟ್ಟೆ. ಎಸೆದ ಇಕ್ಕಳ ಹೆಕ್ಕಲು ಬಗ್ಗಿದಾಗ ನೆನಪಾಯಿತು. ನಿನ್ನ ಅಜ್ಜ ಬಾಯಿ ಬಡಿಯುವ ಮೊದಲು ಪಟ್ಟಿಯನ್ನು ಬೇಕೆಂದೇ ಬಾಯಿಯ ಕಡೆಗೆ ಬಗ್ಗಿಸಿಕೊಳ್ಳುತ್ತಿದ್ದರು, ಬಡಿಯುತ್ತಾ ಹೋದ ಹಾಗೆ ಅದು ತಾನೇ ನೆಟ್ಟಗಾಗುತ್ತಿತ್ತು. ತಿದಿಯ ಹಿಂದೆ ಕೂತು ನಾನು ಅದನ್ನು ನೋಡಿದ್ದೇ ನೋಡಿದ್ದು, ಏಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ಮನುಷ್ಯ ಹೇಳುವವರೂ ಅಲ್ಲ ಬಿಡು.

ದೊಡ್ಡ ಏಟಿಗೆ ವೆಲ್ಡಿಂಗಿನವನನ್ನು ಕರೆದುಕೊಂಡೆ. ನಕ್ಕಿದ್ದಕ್ಕೆ ದಂಡ ಕಟ್ಟು ಎಂದೆ, ಬಂದ. ನಾನು ಚಿಕ್ಕ ಸುತ್ತಿಗೆಯಿಂದ ತೋರಿಸಿದಲ್ಲಿ ಅವನು ಸಮ್ಮಟಿಗೆ ಹಾಕುತ್ತಿದ್ದ. ಒಂದು ಮಧ್ಯಾಹ್ನ ಸುಸ್ತಾಗಿ ನಿಂತು, ಅಜ್ಜಿ, ಇಷ್ಟು ಹಟ ಎಲ್ಲಿಂದ ಬರುತ್ತೆ ನಿಮಗೆ ಎಂದು ಕೇಳಿದ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಮಲಗಿರುವುದು ನಿನಗೆ ಏನು ಕಾಣುತ್ತದಪ್ಪಾ ಎಂದೆ. ಕಬ್ಬಿಣ ಎಂದ. ನನಗೆ ನನ್ನ ಮೈದುನನ ನಾಲಿಗೆ ಕಾಣುತ್ತದೆ ಎಂದೆ. ಅವನು ಆಮೇಲೆ ಪ್ರಶ್ನೆ ಕೇಳಲಿಲ್ಲ, ಏಟು ಮಾತ್ರ ಗಟ್ಟಿಯಾಯಿತು. ಅವನಿಗೂ ಚಿಕ್ಕಜ್ಜನ ಮೇಲೆ ಏನೋ ಹಳೆಯ ಸಿಟ್ಟಿದೆ ಎಂದು ನನಗೆ ಅನುಮಾನ.

ಹದ ಹಾಕುವ ದಿನ ಕಿಟಕಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿಕೊಂಡೆ, ಬಣ್ಣ ಸರಿಯಾಗಿ ಕಾಣಲಿ ಎಂದು. ಸೂಜಿಗಲ್ಲು ಅಂಟದಷ್ಟು ಕೆಂಪಾದ ಮೇಲೆ ಎತ್ತಿ ಬಿಸಿ ಎಣ್ಣೆಯ ಡಬ್ಬಿಗೆ ನೇರವಾಗಿ ಇಳಿಸಿದೆ. ಭುಗ್ಗೆಂದು ಎದ್ದ ಬೆಂಕಿಗೆ ನಾನು ಬಾಯಿಗೆ ಬಂದ ಬೈಗುಳವೆಲ್ಲ ಬೈದೆ, ಅದೂ ಹೆದರಿ ಆರಿತು. ಹೊರಗೆ ತೆಗೆದರೆ ಅಲಗು ಒಂದು ಕಡೆಗೆ ವಾಲಿದೆ! ತಣ್ಣಗಾಗಲು ಬಿಟ್ಟರೆ ಮುಗಿಯಿತು, ಆಮೇಲೆ ಮುಟ್ಟಿದರೆ ಗಾಜು. ಯೋಚಿಸಲು ಹೊತ್ತಿಲ್ಲ. ಅಡುಗೆಮನೆಯಿಂದ ನನ್ನ ಕೂರುವ ಮಣೆಯನ್ನೂ ಹಿಟ್ಟಿನ ಡಬ್ಬಿ ಇಡುವ ಹಲಗೆಯನ್ನೂ ಎಳೆದು ತಂದು, ಅಲಗನ್ನು ನಡುವೆ ಇಟ್ಟು, ಮೇಲೆ ಹತ್ತಿ ನಿಂತುಬಿಟ್ಟೆ. ಹಲಗೆಯ ಸಂದಿನಿಂದ ಹೊಗೆ ಬರುತ್ತಿದೆ, ಮಂಡಿ ಕಟಕಟ ಅನ್ನುತ್ತಿದೆ, ವೆಲ್ಡಿಂಗಿನವನು ನನ್ನ ಕೈ ಹಿಡಿದುಕೊಂಡು ಅಜ್ಜಿ ಬೀಳ್ತೀರಾ ಅಜ್ಜಿ ಬೀಳ್ತೀರಾ ಎನ್ನುತ್ತಿದ್ದಾನೆ. ನನ್ನ ಭಾರ ಇಷ್ಟು ವರ್ಷದಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಬಂತು ನೋಡು. ಇಳಿದು ನೋಡಿದಾಗ ಅಲಗು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಮತ್ತೆ ಉಜ್ಜಿ, ಗಡಸು ಸ್ವಲ್ಪ ಇಳಿಯಲಿ ಎಂದು ಸಣ್ಣ ಬಿಸಿಗೆ ಹಿಡಿದು, ಒಣಹುಲ್ಲಿನ ಬಣ್ಣ ಹೋಗಿ ಕಂದು ಬಂದು, ನೇರಳೆ ದಾಟಿ ನೀಲಿ ಇಣುಕಿದ ಕೂಡಲೇ ಕೆಳಗಿಟ್ಟೆ. ಚೆಂದವಿಲ್ಲ. ಮೈಯೆಲ್ಲ ಸುತ್ತಿಗೆಯ ಗುಳಿ. ಮೊಡವೆ ಮುಖದ ಕತ್ತಿ.

ಹೋದ ಭಾನುವಾರ ಪರೀಕ್ಷೆ. ಜನ ಸೇರಲಿ ಎಂದು ಚಿಕ್ಕಜ್ಜನೇ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ, ಮುದುಕಿಯ ಕತ್ತಿ ಮುರಿಯುವುದನ್ನು ನೋಡ ಬನ್ನಿ ಅಂತ. ಇದ್ದಿಲಿನವನು, ಹೊಲಿಗೆಯವಳು, ನಾಟಕದ ಕಂಪನಿಯ ಮ್ಯಾನೇಜರು, ಎಲ್ಲರೂ ಬಂದು ನಿಂತರು. ಚಿಕ್ಕಜ್ಜ ಅಂಗಿಯ ತೋಳು ಮಡಿಸಿ, ಎಣ್ಣೆ ಬಟ್ಟೆ ಕೈಗೆತ್ತಿಕೊಂಡು ವೈಸಿಗೆ ಸುತ್ತಲು ಹೋದ. ತಡಿ ಎಂದೆ. ಬಟ್ಟೆ ಬೇಡ ಎಂದೆ.

"ಹೊಳಪು ಹೋಗುತ್ತೆ ಅತ್ತಿಗೆ."

"ನನ್ನ ಕತ್ತಿಗೆ ಹೊಳಪೇ ಇಲ್ಲ, ಹೋಗೋದು ಏನು?"

ನಾನು ಹತ್ತಿ ನಿಂತಿದ್ದ ಆ ಮಣೆಯಿಂದಲೇ ಎರಡು ತುಂಡು ಕೊಯ್ದು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಎಲ್ಲರ ಎದುರು ಅವನ್ನು ವೈಸಿನ ಎರಡು ಕಡೆಗೂ ಇಟ್ಟು, ನಡುವೆ ಕತ್ತಿ ಇಟ್ಟು, ನಾನೇ ತಿರುಪು ಬಿಗಿದೆ. ಆಮೇಲೆ ಕಟ್ಟಳೆಯ ಪ್ರಕಾರ ಬಾಗಿಲಿಗೆ ಮುಖ ಮಾಡಿ ನಿಂತೆ. ನಿನ್ನ ತುಂಡುಗಳು ನನ್ನ ಕಣ್ಣೆದುರಿಗೇ ತೂಗುತ್ತಿದ್ದವು. ಹಿಂದೆ ಅವನು ಉಸಿರು ಬಿಗಿಹಿಡಿದದ್ದು ಕೇಳಿಸಿತು. ಮೆಲ್ಲಗೆ ಬಗ್ಗಿಸಬೇಕಾದ್ದನ್ನು ಅವನು ಒಂದೇ ಸಲಕ್ಕೆ ಜಗ್ಗಿದ, ಬೆಂಚೇ ಕಿರ್ರೆಂದಿತು. ಚಿನಕುರುಳಿ, ಆ ಹೊತ್ತಿನಲ್ಲಿ ನೀನು ಏನು ಕೇಳಿರಬಹುದು ಎಂದು ನನಗೆ ಗೊತ್ತಾಯಿತು. ಲಟಕ್ ಎಂಬ ಸದ್ದಿಗಾಗಿ ಕಿವಿ ಕಾಯುವುದು ಇದೆಯಲ್ಲ, ಅದಕ್ಕಿಂತ ಬೆನ್ನಿಗೆ ಒಂದು ಏಟು ಬೀಳುವುದು ವಾಸಿ. ಸದ್ದು ಬರಲಿಲ್ಲ. ಅವನು ಕೈ ಬಿಟ್ಟ. ಆಗ ಜೇನ್ನೊಣದ ಹಾಗೆ ಒಂದು ಗುಂಯ್ ಎದ್ದು, ಸಣ್ಣಗಾಗುತ್ತಾ ಹೋಗಿ ನಿಂತಿತು. ತಿರುಗಿ ನೋಡಿದೆ. ನನ್ನ ಮೊಡವೆ ಮುಖದ ಕತ್ತಿ ನೆಟ್ಟಗೆ ನಿಂತಿದೆ.

ಈಗ ನನಗೆ ಬಾಯಿ ಬಂತು ಎಂದೆ. ಮೊದಲು ಅವನ ಸೊಂಟದಿಂದ ಅಜ್ಜನ ಸುತ್ತಿಗೆ ಕೇಳಿ ತೆಗೆದುಕೊಂಡೆ. ಕೊಟ್ಟ, ಜನ ನೋಡುತ್ತಿದ್ದರಲ್ಲ. ಆಮೇಲೆ ನಿನ್ನ ತುಂಡುಗಳನ್ನು ಇಳಿಸಿ, ಹಲಗೆ ತೆಗೆದ ಬರಿಯ ವೈಸಿನೊಳಗೆ ಹಿಡಿದೆ. ಕಚ್ಚಿದ ಗುರುತು ವೈಸಿನ ಹಲ್ಲಿಗೆ ಸರಿಯಾಗಿ ಕೂತಿತು, ಬೀಗಕ್ಕೆ ಕೀಲಿಯ ಹಾಗೆ. ಇದ್ದಿಲಿನವನು ಬಗ್ಗಿ ನೋಡಿದ, ಹೊಲಿಗೆಯವಳು ಬೆರಳಲ್ಲಿ ಮುಟ್ಟಿ ನೋಡಿದಳು. ಚಿಕ್ಕಜ್ಜ, ಯಾವಾಗಲೋ ಆದ ಗುರುತು ಇರಬಹುದು ಎಂದು ಗೊಣಗಿದ. ಸರಿ ಹಾಗಾದರೆ, ಎಂದು ನಾನು ಗಾಜಿನ ಪೆಟ್ಟಿಗೆ ತೆರೆದು ಅವನ ಕತ್ತಿಯನ್ನೇ ತೆಗೆದೆ. ಅದೇ, ಅವನು ಮುಟ್ಟಲು ಯಾರಿಗೂ ಬಿಡದ, ಕನ್ನಡಿಯ ಹಾಗೆ ಮುಖ ಕಾಣುವ ಕತ್ತಿ. ಹಲಗೆಯಿಲ್ಲದೆ ವೈಸಿಗೆ ಇಟ್ಟು ತಿರುಪಿಗೆ ಕೈ ಹಾಕಿದೆ. ಮೊಮ್ಮಗಳದನ್ನು ನೀನು ಜಗ್ಗಿದ ಹಾಗೇ ಜಗ್ಗುತ್ತೇನೆ, ಒಳ್ಳೆಯ ಕತ್ತಿಯಾದರೆ ನಿಲ್ಲಲಿ ಎಂದೆ.

"ಅತ್ತಿಗೆ, ಬೇಡ."

"ಯಾಕಪ್ಪಾ?"

"ಹಲಗೆ ಇಲ್ದೆ ಜಗ್ಗಿದ್ರೆ ಯಾವ ಕತ್ತಿಯಾದ್ರೂ ಮುರಿಯುತ್ತೆ."

ಅವನ ಬಾಯಿಂದಲೇ ಬಂತು. ಬಂದ ಮೇಲೆ ಏನು ಹೇಳಿದೆ ಎಂದು ಅವನಿಗೆ ತಿಳಿಯಿತು. ವೆಲ್ಡಿಂಗಿನವನು, ಹಾಗಾದ್ರೆ ಹುಡುಗಿ ಕತ್ತಿ ಚೆನ್ನಾಗಿತ್ತು ಎಂದು ಮೆಲ್ಲಗೆ ಅಂದ. ಎಲ್ಲರಿಗೂ ಕೇಳಿಸಿತು. ನಾಟಕದ ಮ್ಯಾನೇಜರು ಚಿಕ್ಕಜ್ಜನ ಮುಖ ನೋಡದೆ ಹೊರಟುಹೋದ, ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು.

ನನಗೆ ಕರುಣೆ ಬಂತೇ ಎಂದು ನೀನು ಕೇಳಬಹುದು, ನಿನ್ನ ಮನಸ್ಸು ನನ್ನದಕ್ಕಿಂತ ಮೆತ್ತಗೆ. ಬರಲಿಲ್ಲ. ಈಗ ಅವನು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಾನೆ, ಮಾತು ಕಡಿಮೆ. ಊಟ ಬಡಿಸುತ್ತೇನೆ, ನೀರು ಕೊಡುತ್ತೇನೆ, ಉಪ್ಪು ಮಾತ್ರ ಕೇಳಿದರೂ ಕೊಡುವುದಿಲ್ಲ. ನೇತುಹಾಕಿದ ತಂತಿ ಖಾಲಿಯಿದೆ. ನಿನ್ನ ತುಂಡುಗಳಿಗೆ ಎಣ್ಣೆ ಸವರಿ ನನ್ನ ಸೀರೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅಜ್ಜನ ಸುತ್ತಿಗೆ ಹಳೆಯ ಮೊಳೆಗೇ ಬಂದಿದೆ. ಕಟ್ಟಳೆಯ ಪ್ರಕಾರ ಅದು ನನ್ನದು, ಆದರೆ ನನ್ನ ರಟ್ಟೆಗೆ ಅದು ಭಾರ.

ಮೈ ಜೋಪಾನ. ಅನ್ನ ಬಿಸಿಯಿರುವಾಗಲೇ ಉಣ್ಣು. ನಿನ್ನ ಕೈಗೆ ಬಲ ಬರಲಿ, ನಿನ್ನ ಬೆನ್ನ ಹಿಂದೆ ಯಾರೂ ನಿಲ್ಲದಿರಲಿ. ಮನೆಯೊಡತಿಗೆ ನನ್ನ ನಮಸ್ಕಾರ, ಇಲ್ಲಿಯವರೆಗೂ ಓದಿದ್ದರೆ.

ಇತಿ,
ನಿನ್ನ ಅಜ್ಜಿ

ಮರೆತಿದ್ದೆ: ಮರೆತಿರಲಿಲ್ಲ, ಕೊನೆಗೆಂದು ಇಟ್ಟುಕೊಂಡಿದ್ದೆ. ಚಿಕ್ಕಜ್ಜನ ಕತ್ತಿ ಇನ್ನೂ ವೈಸಿನಲ್ಲೇ ಇದೆ. ಅವತ್ತು ಬೇಡ ಎಂದನಲ್ಲ, ನಾನು ಜಗ್ಗಲಿಲ್ಲ. ಆದರೆ ತಿರುಪು ಬಿಗಿದೆ, ಹಲ್ಲು ಕಚ್ಚುವವರೆಗೂ ಬಿಗಿದು, ತಿರುಪಿನ ಹಿಡಿಕೆ ಕಳಚಿ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಂದಿನಿಂದ ಅದು ಹಾಗೇ ನಿಂತಿದೆ, ಅವನು ಬಾಗಿಲಲ್ಲಿ ಕೂತು ದಿನವಿಡೀ ಅದನ್ನೇ ನೋಡುತ್ತಾನೆ. ನಿನ್ನೆ, ಅತ್ತಿಗೆ, ಬಿಡಿಸಿಬಿಡಿ ಎಂದ. ಬಿಡಿಸುವವಳು ನಾನಲ್ಲ, ಯಾರ ಬೆನ್ನ ಹಿಂದೆ ನಿಂತು ಆ ಕೆಲಸ ಮಾಡಿದೆಯೋ ಅವಳನ್ನು ಕೇಳು ಎಂದೆ. ಮಗಾ, ನೀನೇ ಬಂದು ಜಗ್ಗುತ್ತೀಯೋ, ತಿರುಪು ಸಡಿಲಿಸಿ ಬಿಡಿಸುತ್ತೀಯೋ, ನಿನಗೆ ಬಿಟ್ಟದ್ದು. ನಾನಾದರೆ ಜಗ್ಗುತ್ತೇನೆ. ಈ ಸಲ ಬಾಗಿಲಿಗೆ ಮುಖ ಮಾಡಿ ನಿಲ್ಲುವವನು ಅವನು. ವೈಸು ಖಾಲಿಯಿಲ್ಲದೆ ಗೇಟಿನ ಕೆಲಸವೆಲ್ಲ ನಿಂತಿದೆ, ವೆಲ್ಡಿಂಗಿನವನು ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ಆದ್ದರಿಂದ ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ, ಮೋಡದ ಸುದ್ದಿ ಬೇಡ, ಯಾವ ಬಸ್ಸಿಗೆ ಬರುತ್ತೀಯ ಅಷ್ಟೇ ಬರೆ.